ಚಿಗವ್ವ ಗೆದ್ದು ಬಂದ ಮರುದಿನ

ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವನು ನಮ್ಮ ಸೋದರಮಾವ ಈರಣ್ಣ. ಸಿಟ್ಟು ಮಾಡಿ ಹೇಳಲಿಲ್ಲ. ಮೋಡ ನೋಡಿ ಇವತ್ತು ಮಳೆ ಇಲ್ಲ ಎನ್ನುವವರ ಹಾಗೆ, ಕಟ್ಟೆಯ ಮೇಲೆ ಕೂತು ಕಾಲಿನ ಧೂಳು ಕೊಡವುತ್ತ ಹೇಳಿದ: "ಆಗಂಗಿಲ್ಲ ಅದು. ಈ ಮನ್ಯಾಗ ಆಗಂಗಿಲ್ಲ." ಆ ಮಾತು ಇವತ್ತಿಗೂ ನನಗೆ ಒಣಮೆಣಸಿನಕಾಯಿಯ ಘಾಟಿನ ಜೊತೆಗೇ ನೆನಪಾಗುತ್ತದೆ. ಬ್ಯಾಡಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ಗಾಳಿಯ ಜೊತೆ ಆ ಘಾಟು ಮೂಗಿಗೆ ಏರುತ್ತದೆ. ಪರ ಊರಿನವರು ಸೀನುತ್ತಾರೆ, ಕೆಮ್ಮುತ್ತಾರೆ, ಸೆರಗು ಕರವಸ್ತ್ರ ಹುಡುಕುತ್ತಾರೆ. ನನಗೆ ಕಣ್ಣು ತುಂಬುತ್ತದೆ. ಖಾರಕ್ಕೆ ಎಂದು ಪಕ್ಕದವರು ತಿಳಿದುಕೊಳ್ಳುತ್ತಾರೆ; ಹಾಗೇ ತಿಳಿಯಲಿ ಎಂದು ನಾನೂ ಬಿಡುತ್ತೇನೆ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ಆಯಿಯ ಮನೆ ಇತ್ತು. ಆಯಿ ಎಂದರೆ ನನ್ನ ಅವ್ವನ ಅವ್ವ. ಅಪ್ಪ ಕುಮಾರಪಟ್ಟಣದ ಕಡೆ ಕೆಲಸಕ್ಕಿದ್ದ, ಹೀಗಾಗಿ ಅವ್ವ ಮತ್ತು ನಾನು ಅಲ್ಲೇ ಇರುತ್ತಿದ್ದೆವು. ಎರಡು ಕೋಣೆಯ ಹಂಚಿನ ಮನೆ, ಮುಂದೆ ಮಾತ್ರ ಸಗಣಿ ಸಾರಿಸಿದ ದೊಡ್ಡ ಅಂಗಳ. ಅಡತಿ ಅಂಗಡಿಗಳಿಂದ ಬಂದ ಮೆಣಸಿನಕಾಯಿ ಚೀಲಗಳನ್ನು ಆ ಅಂಗಳದಲ್ಲಿ ಸುರುವಿದರೆ ಬಿಸಿಲಿಗೆ ಇಡೀ ಮನೆಯ ಗೋಡೆ ಕೆಂಪಾಗಿ ಕಾಣುತ್ತಿತ್ತು. ಓಣಿಯ ಹೆಂಗಸರು ಗುಡ್ಡೆಯ ಸುತ್ತ ಕೂತು, ಸುಕ್ಕುಗಟ್ಟಿದ ಒಂದೊಂದೇ ಕಾಯಿ ಎತ್ತಿ ತೊಟ್ಟು ಮುರಿದು ಹಾಕುತ್ತಿದ್ದರು. ನಮ್ಮ ಕಡೆ ಅದಕ್ಕೆ ತುಂಬು ಬಿಡಿಸುವುದು ಎನ್ನುತ್ತೇವೆ. ತೊಟ್ಟು ಮುರಿಯುವ ಸಣ್ಣ ಸದ್ದು, ಒಣಬೀಜ ಗಿಲಿಗಿಲಿ ಅನ್ನುವ ಸದ್ದು, ಅವುಗಳ ಮೇಲೆ ಹೆಂಗಸರ ಮಾತು — ನಾನು ಬೆಳೆದದ್ದು ಅದರಲ್ಲೇ. ವರ್ಷಗಟ್ಟಲೆ ಆ ಕೆಲಸ ಮಾಡಿದವರ ಕೈಗೆ ಖಾರ ಗೊತ್ತಾಗುವುದಿಲ್ಲ. ಬೆರಳು ಉರಿದು ಉರಿದು ಮರಗಟ್ಟಿರುತ್ತವೆ. ಅದಕ್ಕೇ ಅಂಗಳದಲ್ಲಿ ಒಂದು ಕಟ್ಟಳೆ ಇತ್ತು. ಎದ್ದವಳು ಮೊದಲು ಕೈಗೆ ಎಣ್ಣೆ ತಿಕ್ಕಿಕೊಂಡು, ಬಾಗಿಲ ಪಕ್ಕದ ಗಡಿಗೆಯ ಹುಳಿಮಜ್ಜಿಗೆಯಲ್ಲಿ ತೊಳೆಯಬೇಕು. ಆಮೇಲೆಯೇ ಕೂಸನ್ನು ಮುಟ್ಟಬೇಕು, ರೊಟ್ಟಿ ಬಡಿಯಬೇಕು. ತನಗೆ ಗೊತ್ತಾಗದ ಖಾರ ಇನ್ನೊಬ್ಬರ ಮೈಗೆ ಹತ್ತಬಾರದಲ್ಲ, ಅದಕ್ಕೆ.

ಅವ್ವನಿಗಿಂತ ಬಹಳ ಚಿಕ್ಕವಳು ಅವಳ ತಂಗಿ, ನನ್ನ ಚಿಗವ್ವ ರತ್ನಾ. ಉದ್ದನೆಯ ಹುಡುಗಿ. ಅಟ್ಟದ ಮೇಲಿನ ಡಬ್ಬಿಯನ್ನು ಏಣಿ ಇಲ್ಲದೆ ಇಳಿಸುತ್ತಿದ್ದಳು, ಅದಕ್ಕೇ ಮನೆಯಲ್ಲಿ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಹೈಸ್ಕೂಲಿನ ಆಟದಲ್ಲಿ ಅವಳನ್ನು ಕಂಡ ಹಾವೇರಿಯ ಹೆಣ್ಣುಮಕ್ಕಳ ಕಾಲೇಜಿನ ಆಟದ ಮೇಡಂ ಒಬ್ಬರು ನಮ್ಮ ಅಂಗಳಕ್ಕೇ ಬಂದರು. ಮೂಗಿಗೆ ಸೆರಗು ಹಿಡಿದುಕೊಂಡು, ಸೀನುತ್ತಲೇ, ಈ ಹುಡುಗಿಯನ್ನು ನಮ್ಮಲ್ಲಿಗೆ ಕಳಿಸಿ, ಬಾಸ್ಕೆಟ್‌ಬಾಲ್ ಆಡಲಿ, ಡಿಗ್ರಿಯನ್ನೂ ಮಾಡಲಿ ಎಂದು ಕೇಳಿದರು. ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದ ಈರಣ್ಣ ಮಾವನೇ ಆ ಮನೆಯ ಯಜಮಾನ. ಅವನು ಹೇಳಿದ: "ಕಳಸ್ತೇನ್ರಿ ಮೇಡಂ. ಆದ್ರ ಹುಡುಗಿ ಹ್ಯಾಂಗ ಹೋಗ್ಯಾಳ ಹಂಗ ಮನಿಗೆ ಬರಬೇಕು. ಕೈಕಾಲಿಗೆ ಏನರ ಆತಂದ್ರ ಕಾಲೇಜು ಅಲ್ಲಿಗೆ ಬಂದ್. ನಾಳೆ ಕುಂಟಿ ಅಂದ್ರ ಯಾರ ಮಾಡ್ಕೊಂತಾರ?" ಮೇಡಂ ಮಾತು ಕೊಟ್ಟರು. ಹೀಗೆ ಚಿಗವ್ವನ ಪುಸ್ತಕ, ಬಸ್ ಪಾಸು, ಬಿ.ಎ. ಎಲ್ಲವೂ ಅವಳ ಎರಡು ಕಾಲಿನ ಮೇಲೆ ನಿಂತವು.

ಆ ಅಂಗಳದ ಹೆಂಗಸರು ಆಟದ ಹುಚ್ಚು ಹಿಡಿಸಿಕೊಂಡದ್ದನ್ನು ನೋಡಬೇಕಿತ್ತು ನೀವು. ಆಯಿ, ಎದುರು ಮನೆಯ ನೀಲವ್ವ, ಓಣಿಯ ತುದಿಯ ಹಸೀನಾಬಿ, ಈ ಮೂವರು ಮುಂದಾಳುಗಳು. ಚಿಗವ್ವ ಸಂಜೆ ಬಂದು ಹೇಳಿದ್ದನ್ನೇ ಮರುದಿನವೆಲ್ಲ ತುಂಬು ಬಿಡಿಸುತ್ತ ಮೆಲುಕು ಹಾಕುತ್ತಿದ್ದರು. ಚೆಂಡು ಹಾಕುವ ಬಳೆಗೆ ಅವರು ಬುಟ್ಟಿ ಎಂದೇ ಹೆಸರಿಟ್ಟಿದ್ದರು. ಕಡೆಗೆ ಹಾವೇರಿಯ ಮೈದಾನದಲ್ಲಿ ದೊಡ್ಡ ಪಂದ್ಯ ಗೊತ್ತಾದಾಗ, ಪೇಟೆ ಇಲ್ಲದ ದಿನ ನೋಡಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಎಲ್ಲರೂ ಬಸ್ ಹತ್ತಿದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸಿಮೆಂಟಿನ ಮೆಟ್ಟಿಲ ಮೇಲೆ ಕೂತ ಆ ಹೆಂಗಸರ ಕೂಗಿಗೆ ಕಾಲೇಜಿನ ಹುಡುಗಿಯರೇ ತಿರುಗಿ ತಿರುಗಿ ನೋಡಿದರು. ಚಿಗವ್ವ ಬುಟ್ಟಿಯ ಕೆಳಗಿಂದ ಜಿಗಿದರೆ ಗುಂಪಿನ ಮೇಲೆ ಅವಳ ಎರಡು ಕೈ ಮಾತ್ರ ಕಾಣುತ್ತಿದ್ದವು. ಗೆದ್ದರು. ಗೆಲ್ಲುವ ಸ್ವಲ್ಪ ಮುಂಚೆ ಅವಳು ಬಿದ್ದಳು, ಮೊಣಕಾಲು ತರಚಿ ರಕ್ತ ಬಂತು, ಎದ್ದು ಮತ್ತೆ ಆಡಿದಳು. ಮುಂದಿನ ಪಂದ್ಯ ವಾರದ ಮೇಲೆ ರಾಣೆಬೆನ್ನೂರಿನಲ್ಲಿ, ಅದೇ ಕಡೆಯದು.

ಮರುದಿನದ ಅಂಗಳ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೈ ಗುಡ್ಡೆಯಲ್ಲಿ, ಬಾಯಿ ಮೈದಾನದಲ್ಲಿ.

"ಗೆದ್ದದ್ದು ಖರೇ," ನೀಲವ್ವ ಶುರು ಮಾಡಿದಳು, "ಆದ್ರ ಮಂದಿ ಉಳದಾರೇನು? ರತ್ನಾನ ಜೋಡಿ ಆಡೂ ಆ ಸವಿತಾನ ಬೆರಳ ಬಾತು ಬದನಿಕಾಯಿ ಆಗೈತಿ. ಗುಂಗುರುಗೂದಲದಾಕಿ ಕುಂಟಕೋಂತ ಬಸ್ ಹತ್ಯಾಳ. ರಾಣೆಬೆನ್ನೂರಾಗ ಆಡಾವ್ರು ಯಾರು, ನಾನೂ ನೀನೂ?"

"ನಾ ಆಡತೇನಿ ತಗೋ," ಎಂದಳು ಹಸೀನಾಬಿ. "ಸೀರಿ ಎತ್ತಿ ಕಟ್ಟಿದ್ನೆಂದ್ರ ನನ್ನ ತಡಿಯಾವ್ರಿಲ್ಲ."

"ಯಾಕ ತಡೀತಾರ? ಎಮ್ಮಿ ಬಂತಂತ ಹಾದಿ ಬಿಟ್ಟು ನಿಂದರತಾರ," ಎಂದಳು ನೀಲವ್ವ.

ಆಯಿಗೆ ಬೇರೆಯದೇ ಚಿಂತೆ. "ಅಲ್ಲಾ, ಬಾಜೂಕ ಅಷ್ಟ ಹುಡುಗ್ಯಾರು ಕುಂತಿದ್ರಲ್ಲ, ಅವರ್ನ ಯಾಕ ಎಬ್ಬಸಲಿಲ್ಲ? ನೀರಿನ ಬಾಟ್ಲಿ ಕಾಯಾಕ ಕರಕೊಂಡ ಬಂದಾರೇನು?"

"ಅವರು ಬದಲಿ ಮಂದಿ ಬೇ," ಚಿಗವ್ವ ಗೋಡೆಗೆ ಒರಗಿ ಕೂತಲ್ಲಿಂದ ನಕ್ಕಳು. "ನಮಗ ಪೆಟ್ಟಾದ್ರ ಅವರು ಆಡತಾರ."

"ಹಂಗಂದ್ರ ನಿನಗ ಪೆಟ್ಟಾಗೂದು ಬ್ಯಾಡ," ಎಂದಳು ಆಯಿ. "ಆ ಸೀಟಿಯಾವ ಒಬ್ಬ ಸುಡುಗಾಡಿನವ. ನಮ್ಮಾಕಿ ಮುಟ್ಟಿದ್ರ ಊದತಿದ್ದ, ಅವರು ದಬ್ಬಿದ್ರ ಬಾಯಾಗ ನೀರು ತುಂಬಕೊಂಡಿದ್ದ. ಎಲ್ಲಿ, ಮೊಣಕಾಲು ತೋರಸು."

ತರಚಿದ ಸುತ್ತ ಸ್ವಲ್ಪ ಬಾತಿತ್ತು, ಅಷ್ಟೇ. ಆಯಿ ಒಲೆಯ ಮೇಲೆ ಬಿಸಿ ಮಾಡಿದ ಹರಳೆಣ್ಣೆ ತರಿಸಿದಳು. ನೀಲವ್ವ ಅತ್ತ ಒಂದು ಕಡೆಯಿಂದ, ಹಸೀನಾಬಿ ಇತ್ತ ಒಂದು ಕಡೆಯಿಂದ, ನಿನ್ನೆಯ ಕಡೆಯ ಜಿಗಿತ ಯಾವ ಕಾಲಿಂದ ಎಂದು ಜಗಳ ಮಾಡುತ್ತಲೇ, ಎದ್ದು ಬಂದು ಕೂತರು. ಮಾತಿನ ಭರದಲ್ಲಿ ಯಾರೂ ಮಜ್ಜಿಗೆಯ ಗಡಿಗೆಯ ಕಡೆ ಹೋಗಲಿಲ್ಲ. ಮುಂಜಾನೆಯಿಂದ ಗುಡ್ಡೆಯಲ್ಲಿದ್ದ ಅಷ್ಟೂ ಕೈಗಳು ತರಚಿದ ಮೊಣಕಾಲಿನ ಮೇಲೆ ಎಣ್ಣೆ ಹಾಕಿ ತಿಕ್ಕಿದವು. ಚಿಗವ್ವ ಚೀರಿದ ಚೀರು ಓಣಿಗೆಲ್ಲ ಕೇಳಿತು. ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಸೀನಾಬಿ ತನ್ನ ಅಂಗೈ ನೋಡಿಕೊಂಡು, "ಯಾ ಅಲ್ಲಾ, ಖಾರದ ಕೈ!" ಎಂದಳು. ಮಜ್ಜಿಗೆ ತಾ, ಬೆಲ್ಲದ ನೀರು ತಾ ಎಂದು ಓಡಾಡಿದರು, ಓಡಾಡುತ್ತ ನಕ್ಕರು, ನಕ್ಕು ನಕ್ಕು ಅಲ್ಲೇ ಕುಸಿದು ಕೂತರು. ಗೆದ್ದ ಹುಡುಗಿಗೆ ನಾವು ಕೊಟ್ಟ ಬಹುಮಾನ ನೋಡ್ರಿ ಇದು ಎಂದು ನೀಲವ್ವ ಕಣ್ಣೊರೆಸಿಕೊಳ್ಳಲು ಹೋಗಿ, ಕೈ ನೆನಪಾಗಿ ಹಿಂದೆ ತೆಗೆದಳು. ಮತ್ತೆ ನಗು. ಆ ಮನೆಯಲ್ಲಿ ಅಷ್ಟು ನಕ್ಕದ್ದು ಅದೇ ಕಡೆ.

ಮಧ್ಯಾಹ್ನ ಊಟಕ್ಕೆ ಬಂದ ಈರಣ್ಣ ಮಾವ ಕೆಂಪಾಗಿ ಊದಿದ ಮೊಣಕಾಲು ನೋಡಿ ನಿಂತ. "ಏನಾಗೈತಿ ಅದಕ್ಕ?" ಎಂದ. ಅವನು ಹಾಕಿದ್ದ ಕರಾರು ಎಲ್ಲರಿಗೂ ಗೊತ್ತಿತ್ತು. ಆಯಿ ಬಾಯಿ ತೆರೆಯುವ ಮೊದಲೇ ಚಿಗವ್ವ ಹೇಳಿದಳು: "ಏನಿಲ್ಲೋ ಅಣ್ಣಾ, ಇವರು ಖಾರದ ಕೈಲೆ ಎಣ್ಣಿ ತಿಕ್ಯಾರ. ಉರಿಗೆ ಬಾತೈತಿ." ಹೆಂಗಸರು ಮತ್ತೆ ನಕ್ಕು, ತಪ್ಪು ನಮ್ಮದೇ ಎಂದು ಸಾಕ್ಷಿ ನುಡಿದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು. ಮಾವನೂ ಮೀಸೆಯಲ್ಲೇ ನಕ್ಕು ಕೈ ತೊಳೆಯಲು ಹೋದ. ಆ ವಾರವೆಲ್ಲ ಚಿಗವ್ವ ಹೊಸ್ತಿಲು ದಾಟುವಾಗ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಯಾರಾದರೂ ಕೇಳಿದರೆ, ಇನ್ನೂ ಉರಿ ಹೋಗಿಲ್ಲ ಎನ್ನುತ್ತಿದ್ದಳು. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಅವಳ ಮೇಲ್ದುಟಿಯ ಮೇಲೆ ಬೆವರು ಮೂಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಸಣ್ಣವಳು ನಾನು, ಬಿಸಿಲಿಗೆ ಎಂದುಕೊಂಡೆ.

ರಾಣೆಬೆನ್ನೂರಿಗೂ ನಾವೆಲ್ಲ ಹೋದೆವು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಚಿಗವ್ವ ಚೆಂಡಿಗೆ ಜಿಗಿದಳು. ಇಳಿಯುವಾಗ ಮೊಣಕಾಲು ಪಕ್ಕಕ್ಕೆ ಹೊರಳಿತು. ಈ ಸಲ ಚೀರಲಿಲ್ಲ. ನೆಲಕ್ಕೆ ಮುಖ ಒತ್ತಿ ಮಲಗಿಬಿಟ್ಟಳು. ಬದಲಿ ಹುಡುಗಿಯೊಬ್ಬಳು ಎದ್ದು ಬಂದು ಆಡಿದಳು. ಚಿಗವ್ವನ ತಂಡವೇ ಗೆದ್ದಿತು. ಸುತ್ತಲೂ ಚಪ್ಪಾಳೆ, ಸಿಳ್ಳೆ. ನಮ್ಮ ಓಣಿಯ ಹೆಂಗಸರು ಮಾತ್ರ ಮಡಿಲಲ್ಲಿ ಕೈ ಇಟ್ಟುಕೊಂಡು, ಗೆದ್ದದ್ದಕ್ಕೆ ನಗಬೇಕೋ ಏನು ಮಾಡಬೇಕೋ ತಿಳಿಯದೆ ಕೂತಿದ್ದರು. ಸುದ್ದಿ ಕೇಳಿ ಮಾವ ಓಡಿ ಬಂದ. ದಿನವೂ ಚೀಲ ಹೊರುವ ಬೆನ್ನ ಮೇಲೆ ತಂಗಿಯನ್ನು ಹೊತ್ತುಕೊಂಡು ದವಾಖಾನೆಯ ಮೆಟ್ಟಿಲು ಹತ್ತಿದ. ಡಾಕ್ಟರು ಮೊಣಕಾಲು ಹಿಡಿದು ನೋಡಿ, ಎಲುಬು ಹಿಡಿದಿಡುವ ಒಳಗಿನ ಕಟ್ಟು ಮೊದಲೇ ಹರಿದಿತ್ತು, ಆಗಲೇ ಬಂದು ಕಾಲಿಗೆ ವಿಶ್ರಾಂತಿ ಕೊಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದರು. ಚಿಗವ್ವ ಗೋಡೆಯ ಕಡೆ ಮುಖ ಮಾಡಿದಳು. ಆಯಿ ತನ್ನ ಎರಡೂ ಅಂಗೈ ನೋಡಿಕೊಂಡಳು. "ಖಾರ ಅಂತ ನಕ್ಕಿವಲ್ಲೋ ಯಪ್ಪಾ," ಎಂದಳು. "ಕುಂತು ನಕ್ಕಿವಿ."

ಕಟ್ಟೆಯ ಮೇಲೆ ಕೂತು ಮಾವ ಆಗಂಗಿಲ್ಲ ಎಂಬ ಆ ಮಾತು ಆಡಿದ್ದು ಮರುದಿನ, ಮೇಡಂ ಮನೆಗೆ ಬಂದಾಗ. ಆಟ ಹೋದರೆ ಹೋಗಲಿ, ಡಿಗ್ರಿಯಾದರೂ ಮುಗಿಸಲಿ ಎಂದು ಅವರು ಕೈಮುಗಿದು ಕೇಳಿದರು. ಮಾವ ಕರಾರು ನೆನಪಿಸಿದ. ಕಾಲು ತಕ್ಕಮಟ್ಟಿಗೆ ನೆಲಕ್ಕೆ ಊರುವಂತಾದ ಮೇಲೆ ಅವಳನ್ನು ಮೇಡ್ಲೇರಿಯ ಒಕ್ಕಲುತನದ ಮನೆಗೆ ಕೊಟ್ಟರು. ಒಳ್ಳೆಯ ಜನ, ಹೊಳೆಯ ನೀರು ಬರುವ ಹೊಲ, ಉಣ್ಣಲು ಉಡಲು ಕೊರತೆ ಇಲ್ಲ. ಆದರೆ ಅವಳ ಪುಸ್ತಕಗಳು ನಮ್ಮ ಅಟ್ಟದ ಮೇಲೆಯೇ ಉಳಿದವು, ಮತ್ತು ಅವನ್ನು ಏಣಿ ಇಲ್ಲದೆ ಇಳಿಸುವವರು ಆ ಮನೆಯಲ್ಲಿ ಇರಲಿಲ್ಲ. ಅಂಗಳದಲ್ಲಿ ಆಟದ ಮಾತು ನಿಂತಿತು. ನೀಲವ್ವ ಒಮ್ಮೆ ಮರೆತು, ಈ ವರ್ಷ ಹಾವೇರಿಯವರು ಹ್ಯಾಂಗ ಆಡಾಕತ್ತಾರೋ ಏನೋ ಎಂದಾಗ, ಆಯಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಒಳಗೆ ಎದ್ದುಹೋದಳು. ಅಲ್ಲಿಂದ ಸಾಯುವ ತನಕ ಆಯಿ ಯಾರ ಮೈಗೂ ಎಣ್ಣೆ ತಿಕ್ಕಲಿಲ್ಲ. ನನ್ನ ತಲೆಗೂ ಅಲ್ಲ. ಅವಳು ಹೋದಳು, ಹಿಂದೆಯೇ ಹಸೀನಾಬಿ ಹೋದಳು, ನೀಲವ್ವ ಮಗಳ ಊರಿಗೆ ಹೋದಳು. ನಮ್ಮ ಅಂಗಳ ಇದ್ದ ಜಾಗದಲ್ಲಿ ಈಗ ಮೆಣಸಿನಕಾಯಿ ತಣ್ಣಗೆ ಇಡುವ ದೊಡ್ಡ ಕೋಲ್ಡ್ ಸ್ಟೋರೇಜಿನ ಲಾರಿಗಳು ನಿಲ್ಲುತ್ತವೆ. ನಿಮ್ಮದೂ ಇಂಥ ಒಂದು ಅಂಗಳ ಹೋಗಿದ್ದರೆ ನಿಮಗೆ ಗೊತ್ತು: ಹೋಗಿ ನಿಂತರೆ ಹೊಸ್ತಿಲು ಎಲ್ಲಿತ್ತು ಎಂಬುದೂ ಹೊಳೆಯುವುದಿಲ್ಲ.

ನಾನು ಬಿ.ಎ. ಮುಗಿಸಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಮುಂಜಾನೆ ತುಂಬು ಬಿಡಿಸಿ, ಮಜ್ಜಿಗೆಯಲ್ಲಿ ಕೈ ತೊಳೆದು ಹಾವೇರಿಯ ಬಸ್ ಹತ್ತಿದ್ದೇನೆ. ಇಂಗ್ಲಿಷಿನಲ್ಲಿ ಫೇಲಾಗಿದ್ದೇನೆ, ಮತ್ತೆ ಬರೆದಿದ್ದೇನೆ. ಅವ್ವ ನನ್ನ ಬೆನ್ನಿಗೆ ನಿಂತು ಮಾವನ ಮುಂದೆ, ಇದರಾಗ ಆಟ ಇಲ್ಲ, ಬರೇ ಓದು ಎಂದು ವಾದ ಮಾಡಿದ್ದಳು. ಮಾವ ತಾನು ಆಡಿದ ಮಾತನ್ನು ಮರೆತಿದ್ದಾನೆ. ಸರ್ಟಿಫಿಕೇಟು ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದವನೂ ಅವನೇ. ನಾನು ಅದನ್ನು ಮನೆಯ ಗೋಡೆಗೆ ಹಾಕಿಸಲಿಲ್ಲ. ರಾಣೆಬೆನ್ನೂರಿನಲ್ಲಿ ಬಸ್ ಬದಲಿಸಿ ಮೇಡ್ಲೇರಿಗೆ ಹೋದೆ.

ಚಿಗವ್ವ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಒಂದು ಕಾಲು ಮಡಚಲು ಬಾರದ್ದರಿಂದ ಅದನ್ನು ಮುಂದಕ್ಕೆ ಚಾಚಿ, ಮಣೆಯ ಮೇಲೆ ಓರೆಯಾಗಿ ಕೂತಿದ್ದಳು. ನನ್ನನ್ನು ನೋಡಿ, "ಯಾಕ ಒಣಗಿ ಬಂದೀಯಲ್ಲ, ಉಂಡಿಯಿಲ್ಲೋ?" ಎಂದಳು. ನಾನು ಚೀಲದಿಂದ ಸರ್ಟಿಫಿಕೇಟು ತೆಗೆದು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ದಪ್ಪ ಹಾಳೆಯನ್ನು ಬಿಸಿಲಿಗೆ ಹಿಡಿದಳು, ನನ್ನ ಹೆಸರಿನ ಮೇಲೆ ಬೆರಳಾಡಿಸಿದಳು, ಅಂಚಿನಿಂದ ಅಂಚಿಗೆ ಅಳತೆ ಮಾಡುವವಳಂತೆ ಗೇಣು ಹಾಕಿದಳು. ತಲೆ ಎತ್ತದೆ ಕೇಳಿದಳು:

"ನಂದೂ ಇಷ್ಟ ದೊಡ್ಡದ ಇರ್ತಿತ್ತೇನ, ಮಂಜಿ?"