ಸುಜಾತಾ ಎಂಬ ಪೆಡಲ್

ಮೊನ್ನೆ ಸಂಜೆ ಸುಜಾತಾ ಭಾಲ್ಕಿ ಬಸ್ಸಿನಿಂದ ಇಳಿದು ನೇರವಾಗಿ ನಮ್ಮ ಮನೆಗೆ ಬಂದಳು. ನನ್ನನ್ನು ಅಣ್ಣ ಎಂದು ಕರೆಯುವ ಹಳೆಯ ಪರಿಚಯದವಳು. ಚೀಲದಿಂದ ಅಂಗೈಯಗಲದ ಒಂದು ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, "ಅಣ್ಣಾ, ಇದು ಮಾತಾಡವಲ್ದು ನೋಡ್ರಿ" ಅಂದಳು. ಮುಚ್ಚಳ ಬಿಚ್ಚಿ ಬೆಸುಗೆ ಕಡ್ಡಿ ತಾಗಿಸಿದೆ. ರಾಳದ ಹೊಗೆ ಎದ್ದಿತು. ನನ್ನ ಹೆಂಡತಿ ಆ ವಾಸನೆಗೆ ಈಗಲೂ ಗೊಣಗುತ್ತಲೇ ಕಿಟಕಿ ತೆರೆಯುತ್ತಾಳೆ. ನನಗೆ ಮಾತ್ರ ನಗು ಬಂತು. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಗಿಟಾರಿಗೂ ಸ್ಪೀಕರಿಗೂ ನಡುವೆ ಸಿಕ್ಕಿಸುವ ಡಬ್ಬಿಗೆ ಪೆಡಲ್ ಎನ್ನುತ್ತಾರೆ. ಅದರ ಮೇಲಿನ ಗುಂಡಿಯನ್ನು ಕಾಲಿನಿಂದ ತುಳಿದರೆ ಅಲ್ಲಿಯವರೆಗೆ ಸಂಭಾವಿತನಂತಿದ್ದ ಗಿಟಾರು ಗಂಟಲು ಕಟ್ಟಿದ ಎಮ್ಮೆಯ ಹಾಗೆ ಅರಚುತ್ತದೆ. ಇನ್ನೊಮ್ಮೆ ತುಳಿದರೆ ತೆಪ್ಪಗಾಗುತ್ತದೆ. ಇಷ್ಟಕ್ಕೆ ನಾವು ಎಷ್ಟೋ ಭಾನುವಾರಗಳನ್ನು ಹಾಳು ಮಾಡಿದ್ದೇವೆ.

ನಾವು ಎಂದರೆ ನಾನು ಮತ್ತು ಖಟಕ ಚಿಂಚೋಳಿಯ ಮಿಲಿಂದ. ನಾನು ಬೀದರಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದೆ. ಅವನು ಮದುವೆ, ಜಯಂತಿಗಳಲ್ಲಿ ಹಾಡುವ ಮೇಳದಲ್ಲಿ ಗಿಟಾರ್ ನುಡಿಸುತ್ತಿದ್ದ. ಸತ್ತ ರೇಡಿಯೋಗಳ ಹೊಟ್ಟೆಯಿಂದ ಬಿಡಿಭಾಗ ಕಿತ್ತು ಪೌಡರ್ ಡಬ್ಬಿ, ಪೆಪ್ಪರಮಿಂಟ್ ಡಬ್ಬಿ, ಸಿಕ್ಕಿದ್ದರೊಳಗೆ ತುಂಬುತ್ತಿದ್ದೆವು. ಮೊದಲನೆಯದನ್ನು ಔರಾದಿನ ಒಂದು ಜಯಂತಿಗೆ ಒಯ್ದಿದ್ದೆವು. ಅಲ್ಲಿ ಬುದ್ಧವಂದನೆ ಮುಗಿದು ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ ಅದು ತನ್ನಷ್ಟಕ್ಕೆ ತಾನೇ ಹೈದರಾಬಾದಿನ ರೇಡಿಯೋ ಹಿಡಿದು, ಮಳೆಯ ಸಂಭವವಿಲ್ಲವೆಂದು ಉರ್ದುವಿನಲ್ಲಿ ಸಾರಿತು. ಕೂತವರು ನಮ್ಮನ್ನು ನೋಡಿದ ಪರಿ, ಮಳೆ ನಿಲ್ಲಿಸಿದವರೇ ನಾವು ಎಂಬಂತಿತ್ತು.

ಬಣ್ಣ ಬಳಿಯದೆ ಮಿಲಿಂದ ಯಾವ ಡಬ್ಬಿಯನ್ನೂ ಹೊರಗೆ ತರುತ್ತಿರಲಿಲ್ಲ. ಬೀದರ್ ಎಂದ ಕೂಡಲೇ ನಿಮಗೆ ಬೆಳ್ಳಿ ತಂತಿಯ ಬಿದರಿ ಕೆಲಸ ನೆನಪಾಗಿರಬೇಕು. ಆ ಭ್ರಮೆ ಬೇಡ. ನಮ್ಮದು ಟ್ರಂಕಿಗೆ ಬಳಿಯುವ ಎನಾಮಲ್. ಒಂದರ ಮೇಲೆ ಅವನು ನವಿಲು ಬರೆದ. ನೋಡಿದವರೆಲ್ಲ ಹಲ್ಲಿ ಚಲೋ ಬಂದಿದೆ ಎಂದರು. ಇನ್ನೊಂದರ ಮೇಲಿನ ಗುಲಾಬಿ ಕೋಸುಗಡ್ಡೆ ಎಂದು ಹೆಸರಾಯಿತು. ಅವನೇನೂ ಎದೆಗುಂದಲಿಲ್ಲ. ಕಲೆಗಾರರ ಈ ಗುಣ ನನಗೆ ಮೊದಲಿಂದಲೂ ಹೆದರಿಕೆ ಹುಟ್ಟಿಸುತ್ತದೆ.

ಅದು ಬರದ ಕಾಲ. ಊರುಗಳು ಖಾಲಿಯಾಗುತ್ತಿದ್ದವು. ಮೇಳದ ತಬಲಾದವನು ಹೈದರಾಬಾದಿಗೆ ಹೋದ, ಹಾಡುವವರಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರು ಮುಂಬೈ ಹಿಡಿದರು. ಹೋದವರೆಲ್ಲರ ಸದ್ದನ್ನೂ ಮಿಲಿಂದನ ಗಿಟಾರು ಒಂದೇ ತುಂಬಬೇಕಾಯಿತು. ನಮ್ಮ ಡಬ್ಬಿಗಳಿಗೆ ಮರ್ಯಾದೆ ಬಂದದ್ದು ಹಾಗೆ. ಅದೇ ಹೊತ್ತಿಗೆ ಠಾಣಾ ಕುಶನೂರಿನ ಸುಜಾತಾಳ ಜೊತೆ ಅವನ ಮದುವೆಯ ಮಾತು ನಡೆದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು, ಅವಳ ಅಪ್ಪ ಒಪ್ಪಿರಲಿಲ್ಲ.

"ಹುಡುಗ ಏನ್ ಮಾಡ್ತಾನ್ರಿ?" ಎಂದು ಅವರು ನನ್ನನ್ನು ಕೇಳಿದ್ದರು.

"ಗಿಟಾರ್ ಬಜಾಯಿಸ್ತಾನ್ರಿ."

"ಅದು ಗೊತ್ತದ. ಕೆಲ್ಸ ಏನ್ ಮಾಡ್ತಾನ?"

ಕೊನೆಗೆ, "ನಮ್ಮ ಅಣ್ಣನ ಮಗಳ ಮದಿವ್ಯಾಗ ನಿಮ್ದೇ ಹಾಡು ಅದಲ್ಲ, ಕೇಳ್ತೇನಿ. ಆಮ್ಯಾಲ ಹೇಳ್ತೇನಿ" ಅಂದರು. ಮದುವೆ ಮುಗಿದ ಕೂಡಲೇ ಅವರ ಮನೆಯವರೆಲ್ಲ ಕಟ್ಟಡದ ಕೆಲಸಕ್ಕೆ ಪುಣೆಗೆ ಹೊರಡುವವರಿದ್ದರು. ಲಾರಿ ಹತ್ತುವ ಮೊದಲು ಒಪ್ಪಿಗೆ ಸಿಗದಿದ್ದರೆ ಅವಳು ಪುಣೆಯಲ್ಲೇ ಯಾವನೋ ಮೇಸ್ತ್ರಿಯ ಪಾಲಾಗುತ್ತಾಳೆಂದು ಮಿಲಿಂದ ಊಟ ಬಿಟ್ಟ.

ಹೀಗಾಗಿ ಆ ಮದುವೆಗೆ ನಮ್ಮ ಜೀವಮಾನದ ಪೆಡಲ್ ತಯಾರಾಯಿತು. ಗೋಡೆಯೊಳಗೆ ಕೂರಿಸುವ ಸ್ವಿಚ್ಚಿನ ಗಟ್ಟಿ ಡಬ್ಬಿ, ಹೊಸ ಬ್ಯಾಟರಿ, ರೇಡಿಯೋ ಹಿಡಿಯದಂತೆ ಮೂರು ಕಡೆ ಬಂದೋಬಸ್ತು. ಅದಕ್ಕೆ ಹಳದಿ ಬಳಿದು, ಮೇಲೆ ಕೆಂಪಿನಲ್ಲಿ ಮಿಲಿಂದ 'ಸುಜಾತಾ' ಎಂದು ಬರೆದ. ಅವಳಿಗೆ ಕಾಣಲೆಂದು ಅಕ್ಷರಗಳನ್ನು ಜನರ ಕಡೆಗೆ ತಿರುಗಿಸಿ ಬರೆದ. ಅಕ್ಷರ ಎಷ್ಟು ದುಂಡಗೆ ಬಂದವೆಂದರೆ ಇಬ್ಬರೂ ಬೀಡಿ ಹಚ್ಚಿ ಬಹಳ ಹೊತ್ತು ನೋಡಿದೆವು. ಪೆಡಲನ್ನು ಕಾಲಿನಿಂದ ತುಳಿಯುತ್ತಾರೆಂಬುದು ಆ ಎರಡು ಬುದ್ಧಿವಂತ ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಹೊಳೆದದ್ದು ಮದುವೆಯ ದಿನ, ವೇದಿಕೆ ಮಾಡಿದ್ದ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ, ಹಾಡಿನ ನಡುವೆ. ಗಿಟಾರು ಅರಚಬೇಕಾದ ಜಾಗ ಬಂತು. ಮಿಲಿಂದ ಕಾಲೆತ್ತಿದ. ಎತ್ತಿದ ಕಾಲು ಹಾಗೇ ನಿಂತಿತು. ಕೈಯಿಂದ ಒತ್ತೋಣವೆಂದರೆ ಎರಡೂ ಕೈ ಗಿಟಾರಿನ ಮೇಲೆ. ಅವನ ಮುಖ ನೋಡಿ ನನಗೂ ಅರ್ಥವಾಯಿತು. ನಾನೇ ಕೈಯಿಂದ ಒತ್ತೋಣವೆಂದು ಸ್ಪೀಕರಿನ ಹಿಂದಿನಿಂದ ಅಂಬೆಗಾಲಿಟ್ಟು ಹೊರಟೆ. ಅಷ್ಟರಲ್ಲಿ ಜಮಖಾನೆಯ ಮೇಲೆ ಮುಂದೆಯೇ ಕೂತಿದ್ದ ಅವಳ ಅಪ್ಪ ಅಕ್ಷರಗಳನ್ನು ಒಂದೊಂದಾಗಿ ಓದಿ ಮುಗಿಸಿ ಎದ್ದು ನಿಂತರು.

"ಏ, ನಿಲ್ಸು. ನನ್ನ ಮಗಳ ಹೆಸರಿನ ಮ್ಯಾಲ ಕಾಲಿಡ್ತಿಯೇನು?"

"ಇನ್ನಾ ಇಟ್ಟಿಲ್ಲರಿ ಮಾವಾ," ಅಂದ ಮಿಲಿಂದ, ಒಂಟಿ ಕಾಲಿನ ಮೇಲೆ.

"ಮಾವ ಅಂತ ಯಾರಿಗಿ ಅನ್ಲತ್ತಿ?"

ಹಾಡು ನಿಂತಿತು. ನಾನು ಟ್ರಾಲಿಯ ನಡುವೆ ನಾಲ್ಕು ಕಾಲಿನ ಮೇಲಿದ್ದೆ. ಮುಂದೆ ಹೋಗಲೋ ಹಿಂದೆ ಹೋಗಲೋ ತಿಳಿಯಲಿಲ್ಲ. ಸಂಬಂಧ ಮುರಿಯಿತೆಂದೇ ಅಂದುಕೊಂಡೆ. ಆಗ ಪಂಕ್ತಿಗೆ ನೀರು ಹಾಕುತ್ತಿದ್ದ ಸುಜಾತಾ ಟ್ಯಾಂಕರಿನ ನೀರು ಒಂದು ಹನಿಯೂ ಚೆಲ್ಲದಂತೆ ಜಗ್ಗನ್ನು ಕೆಳಗಿಟ್ಟಳು. ಟ್ರಾಲಿ ಹತ್ತಿ ಬಂದಳು. ಸೀರೆಯ ನಿರಿಗೆ ತುಸು ಎತ್ತಿ ತನ್ನ ಕಾಲನ್ನು ಡಬ್ಬಿಯ ಮೇಲಿಟ್ಟಳು.

"ನನ್ನ ಹೆಸರು, ನನ್ನ ಕಾಲು. ಯಾರಿಗೇನ್ರಿ?" ಅಂದಳು. ಮಿಲಿಂದನ ಕಡೆ ತಿರುಗಿ, "ಬಜಾಯ್ಸ್ರಿ" ಅಂದು ಒತ್ತಿದಳು.

ಗಿಟಾರು ಅರಚಿತು. ಕಟ್ಟಿದ್ದ ಎತ್ತುಗಳು ಹಗ್ಗ ಜಗ್ಗಿದವು. ಅವಳ ಅಪ್ಪ ಮತ್ತೆ ಜಮಖಾನೆಯ ಮೇಲೆ ಕೂತು, ಪಕ್ಕದವರಿಗೆ, "ಆಕಿನೇ ಹೇಳ್ಯಾಳ, ಇನ್ನ ನಾ ಏನ್ ಹೇಳ್ಲಿ" ಅಂದರು. ಒಪ್ಪಿಗೆ ಎಂದರೆ ಅಷ್ಟೇ.

ಲಾರಿಯಲ್ಲಿ ಅವರ ಅಳಿಯನಾಗಿ ಮಿಲಿಂದನೂ ಹೋದ. ಡಬ್ಬಿ ಕೌದಿಯೊಳಗೆ ಸುತ್ತಿಕೊಂಡು ಪುಣೆಗೆ ಹೋಯಿತು. ಹಗಲೆಲ್ಲ ಇಟ್ಟಿಗೆ ಹೊತ್ತು, ಸಂಜೆ ತಗಡಿನ ಶೆಡ್ಡುಗಳ ನಡುವೆ ಅವನು ನುಡಿಸುವುದು, ಅವಳು ತುಳಿಯುವುದು. ಪುಣೆಯಿಂದ ಮರಳಿ ಭಾಲ್ಕಿಯಲ್ಲಿ ನೆಲೆಸಿ ಎಷ್ಟೋ ವರ್ಷವಾದರೂ ಅದೇ ಪದ್ಧತಿ. ಆ ಹೆಸರಿನ ಮೇಲೆ ಬೇರೆ ಯಾರ ಕಾಲೂ ಬಿದ್ದಿಲ್ಲ. ನಾನು ಈ ಕಥೆಯನ್ನು ಕಂಡ ಕಂಡಲ್ಲಿ ಹೇಳಿ ನಗಿಸಿದ್ದೇನೆ.

ಮೊನ್ನೆ ನೋಡಿದರೆ ಗುಂಡಿಯ ಸ್ಪ್ರಿಂಗ್ ಸೋತಿತ್ತು. ಗುಂಡಿಯನ್ನೇ ಬಿಡಿಸಿ ಹೊಸದು ಬೆಸೆದೆ. ಹೆಸರು ಸವೆದು 'ತಾ' ಮಾತ್ರ ಉಳಿದಿತ್ತು. "ತಂಗೀ, ಹೆಸರು ಮತ್ತ ಬರೀಲೇನು?" ಅಂದೆ.

"ಬರೀರಿ. ಆದ್ರ ಅವ್ರ ಹೆಸರು ಬರೀರಿ. ಇನ್ನ ತಮ್ಮ ಹೆಸರು ತಾವೇ ತುಳೀಲಿ."

"ಯಾಕವಾ, ಜಗಳೇನು?"

"ಜಗಳಲ್ಲ ಅಣ್ಣಾ. ಇಷ್ಟು ವರ್ಷ ಬಾಜೂಕ ನಿಂತು ಡಬ್ಬಿ ನೋಡೂದೇ ಆಯ್ತು. ಅವ್ರು ಬಜಾಯ್ಸೂದು ಎದುರಿಗಿ ಕೂತು ಒಮ್ಮಿನೂ ಕೇಳಿಲ್ಲ. ನಾಳಿಗಿ ಬಗದಲ್‌ದಾಗ ಹಾಡು ಅದ. ಮುಂದಿನ ಸಾಲಿನಾಗ ಕೂಡ್ತೇನಿ."

ಕೆಂಪು ಬಣ್ಣ ಹುಡುಕಲು ಎದ್ದೆ. ನೂರು ಸಲ ಹೇಳಿದ ಕಥೆಯಲ್ಲಿ ಅವಳು ಎಲ್ಲಿ ನಿಂತಿದ್ದಳೆಂದು ನಾನು ನೋಡಿಯೇ ಇರಲಿಲ್ಲ.

ಅವಳು ನನ್ನ ಹೆಂಡತಿಯ ಜೊತೆ ಚಹಾ ಕುಡಿಯುವಷ್ಟರಲ್ಲಿ 'ಮಿಲಿಂದ' ಎಂದು ಕೆಂಪಿನಲ್ಲಿ ಬರೆದು ಫ್ಯಾನಿನ ಕೆಳಗೆ ಆರಿಸಿದೆ. ಆಮೇಲೆ ಪರೀಕ್ಷೆ ಮಾಡಬೇಕಲ್ಲ, ಚಪ್ಪಲಿ ಕಾಲಿನಿಂದಲೇ ತುಳಿದೆ. ಒಮ್ಮೆ ಚಾಲೂ ಮಾಡಲು, ಇನ್ನೊಮ್ಮೆ ಬಂದ್ ಮಾಡಲು. ಮೂರನೆಯ ಸಲ ಸುಮ್ಮನೆ.