ಶಿಫ್ಟ್ ಕೀ ಮೇಲಿನ ಕಿರುಬೆರಳು

2005ರ ಜುಲೈ 10, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಇದನ್ನು ಬರೆಯಲು ಕುಳಿತೆ.

ಶಿವಾಜಿನಗರದ ಗ್ರಂಥಾಲಯದಲ್ಲಿ ಸಾರ್ವಜನಿಕರಿಗೆಂದು ಒಂದು ಕಂಪ್ಯೂಟರ್ ಇಟ್ಟಿದ್ದರು. ಪುಸ್ತಕಗಳ ಪಟ್ಟಿ ಬಿಟ್ಟು ಬೇರೇನೂ ತೆರೆಯದಂತೆ ಅದಕ್ಕೆ ಬೀಗ ಹಾಕಿದ್ದರು. ಲಿಂಗರಾಜಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮೇಡಂ ದಿನವೂ ಅದರ ಮುಂದೆ ಕೂರುತ್ತಿದ್ದರು. ಲಕ್ವ ಹೊಡೆದು ಅವರ ಎಡಗೈ ಸೋತಿತ್ತು. ಟೈಪ್ ಮಾಡಿಯೇ ಅದನ್ನು ಸರಿಪಡಿಸಿಕೊಂಡು ಮತ್ತೆ ಪಾಠ ಶುರುಮಾಡಬೇಕೆಂಬ ಹಟ. ಕತ್ತು ನೆಟ್ಟಗೆ, ಕಣ್ಣು ಪರದೆಯ ಮೇಲೆ. "ಬೆರಳು ನೋಡ್ಬಾರ್ದು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಆದರೆ ಎಡಗೈಯ ಕಿರುಬೆರಳು ಶಿಫ್ಟ್ ಕೀ ಮೇಲೆ ನಡುಗುತ್ತಿತ್ತು. ಆ ಕೀಯನ್ನು ಸತತವಾಗಿ ಐದು ಸಲ ಒತ್ತಿದರೆ ಪರದೆಯ ಮೇಲೆ ಸಣ್ಣ ಕಿಟಕಿಯೊಂದು ತೆರೆಯುತ್ತದೆ. ಅಲ್ಲಿಂದ ನುಸುಳಿದರೆ ಬೀಗ ಹಾಕಿದ ಕಂಪ್ಯೂಟರಿನಲ್ಲೂ ಎಲ್ಲೆಂದರಲ್ಲಿ ಓಡಾಡಬಹುದು. ಇಮೇಲ್ ನೋಡುವ ಆಸೆಗೆ ಕಾಲೇಜು ಹುಡುಗರಾದ ನಾವು ಅವರ ಹಿಂದೆಯೇ ಕಾಯುತ್ತಿದ್ದೆವು.

"ಮೇಡಂ, ಬಾಗಿಲು ತೆಗೆದ್ರಲ್ಲ, ಇನ್ನು ನಾವು ಕೂತ್ಕೊಳ್ಳೋಣ್ವಾ?"

"ತಾಳ್ರೋ. ನನ್ ಬೆರಳು ಸರಿಹೋಗ್ಲಿ, ಆಮೇಲೆ ಎಲ್ಲಿಂದ ನುಗ್ತೀರೋ ನೋಡ್ತೀನಿ."

ಒಂದು ಗುರುವಾರ ಗ್ರಂಥಾಲಯದವರು ಎಂಜಿನಿಯರನ್ನು ಕರೆಸಿ ಆ ಕಿಂಡಿಯನ್ನು ಮುಚ್ಚಿಸಿದರು. ಮೇಡಂಗೆ ಅದು ತಿಳಿಯದು. ಮರುದಿನ ಬಂದು ಅರ್ಧ ಗಂಟೆ ಟೈಪ್ ಮಾಡಿದರು. ಕಿಟಕಿ ಒಮ್ಮೆಯೂ ತೆರೆಯಲಿಲ್ಲ. ಮುಖ ಅರಳಿಸಿ ನಮ್ಮ ಕಡೆ ತಿರುಗಿದರು.

"ನೋಡಿದ್ರೇನ್ರೋ? ನಡುಕ ನಿಂತೋಯ್ತು! ನಾಳೆನೇ ಕ್ಲಾಸಿನ ಬೋರ್ಡ್ ಹಾಕಿಸ್ತೀನಿ."

ಕಿರುಬೆರಳು ಆಗಲೂ ಶಿಫ್ಟ್ ಕೀಯನ್ನು ಒತ್ತುತ್ತಲೇ ಇತ್ತು. ಕಿಂಡಿ ಮುಚ್ಚಿಸಿದ್ದನ್ನು ನಾವು ಅವರಿಗೆ ಹೇಳಲಿಲ್ಲ. ಅವರು ಮತ್ತೆ ಗ್ರಂಥಾಲಯಕ್ಕೆ ಬರಲಿಲ್ಲ.

ಆಮೇಲೆ ಅವರ ಬಳಿ ಟೈಪಿಂಗ್ ಕಲಿತವರು ಯಾರಾದರೂ ಇದ್ದರೆ, ದಯವಿಟ್ಟು ನನಗೆ ಎರಡು ಸಾಲು ಬರೆಯಿರಿ.