ಕೋಳಿಗೂಡಿನೊಳಗಿನ ಹುಳ

ಸವಣೂರಿನ ನಮ್ಮ ಓಣಿಯಲ್ಲಿ ಇಂದು ಬಡಗಿಯೊಬ್ಬ ಕೋಳಿಗೂಡಿಗೆ ತಂತಿಬಲೆ ಬಡಿಯುತ್ತಿದ್ದ. ನೋಡುತ್ತ ನಿಂತ ನನ್ನ ನೆನಪು ಬಾಲ್ಯಕ್ಕೆ ಜಾರಿತು.

ಅಪ್ಪ ಬಿದಿರಿನ ಗೂಡು ಹೆಣೆದು, ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟುತ್ತಿದ್ದ. ಆಗಷ್ಟೇ ಶಾಲೆಗೆ ಸೇರಿದ್ದ ನಾನು ಗೂಡಿನೊಳಗೆ ಕೈಚಾಚಿ ಸಂದುಗಳಿಗೆ ಕೆಸರು ಮೆತ್ತುತ್ತಿದ್ದೆ.

“ಕೈ ತಗಿಯೋ! ಒಳಗ ಹುಳ ಐತಿ!” ಅವ್ವ ಚೀರಿದಳು.

“ಹುಳ ಇದ್ರ ಕೋಳಿ ತಿಂತೈತಿ ಬಿಡಬೇ,” ಎಂದೆ.

ತಣ್ಣಗಿನದೇನೋ ಮಣಿಕಟ್ಟಿನ ಮೇಲೆ ಹರಿಯಿತು.

“ಅಲ್ಲಾಡಬ್ಯಾಡ,” ಎಂದ ಅಪ್ಪನ ಧ್ವನಿ ಉಡುಗಿತ್ತು.

ಉಸಿರು ಬಿಗಿಹಿಡಿದೆ. ಮುಚ್ಚದೆ ಉಳಿದಿದ್ದ ಸಂದಿನಿಂದ ನಾಗರಹಾವೊಂದು ನಿಧಾನವಾಗಿ ಹೊರಬಿತ್ತು.

ಹೆಸರೆತ್ತಿದರೆ ಹಾವು ಬರುತ್ತದೆಂದು ಅವ್ವ ಅದನ್ನು ‘ಹುಳ’ ಎಂದೇ ಕರೆಯುತ್ತಿದ್ದಳು. ನನ್ನ ಕೈ ಅದರ ಬಾಯ ಬಳಿ ಇದ್ದಾಗಲೂ ಆ ಪದ ಬದಲಾಗಲಿಲ್ಲ.

ಬಡಗಿಯ ಮಾತು ನನ್ನನ್ನು ಓಣಿಗೆ ಮರಳಿ ತಂದಿತು. “ಹುಳ ಒಳಗ ಹೋಗಬಾರ್ದಲ್ರೀ ಸರ,” ಎಂದ, ಬಲೆಯ ಸಂದು ಬಿಗಿಯುತ್ತ.

“ಯಾವ ಹುಳ? ಹಾವೋ, ಇರುವೆಯೋ? ನೆಟ್ಟಗ ಹೇಳು!” ಎಂದು ಗದರಿದೆ.

ಅವನು ಅದನ್ನು ಸಿಟ್ಟೆಂದುಕೊಂಡ. ನಾನು ಅಂದು ಹಾವು ಹರಿದಿದ್ದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಮುಚ್ಚಿಕೊಂಡಿದ್ದೆ.